ಸರಕು ತಪಾಸಣೆ ಸೇವೆ: ಕೊನೆ ದಿನದ ರಿಪೋರ್ಟಿಗಿಂತ ನಡುವಿನ ಭೇಟಿಯೇ ಮೇಲು

ನಮ್ಮದು ಮಕ್ಕಳ ಆಟಿಕೆ ಮಾರುವ ಸಣ್ಣ ಕಂಪನಿ. ಡಿಸೈನ್ ನಮ್ಮದು, ತಯಾರಿಕೆ ಬೇರೆ ದೇಶದ ಫ್ಯಾಕ್ಟರಿಗಳದ್ದು. ಬಣ್ಣ ಬಳಿದ ಮರದ ಗಾಡಿ, ಒತ್ತಿದರೆ ಹಾಡುವ ಪ್ಲಾಸ್ಟಿಕ್ ಪ್ರಾಣಿ, ದೀಪ ಉರಿಯುವ ಬುಗುರಿ, ಇಂಥವು. ಖರೀದಿ, ಕ್ವಾಲಿಟಿ ಎರಡೂ ನನ್ನ ತಲೆ ಮೇಲಿವೆ. ಪ್ರತಿ ಆರ್ಡರಿಗೂ ಅಷ್ಟು ದೂರ ಹೋಗಿ ನಿಲ್ಲಲು ಆಗುವುದಿಲ್ಲ. ಅದಕ್ಕೇ ಕೆಲವು ವರ್ಷಗಳಿಂದ ಒಂದು ತಪಾಸಣಾ ಕಂಪನಿಯ ಸೇವೆ ಬಳಸುತ್ತಿದ್ದೇವೆ. ನಮ್ಮ ಪರವಾಗಿ ಅವರ ಇನ್‌ಸ್ಪೆಕ್ಟರ್ ಫ್ಯಾಕ್ಟರಿಗೆ ಹೋಗಿ ನೋಡಿ ರಿಪೋರ್ಟ್ ಕಳಿಸುತ್ತಾರೆ.

ಕಂಪನಿಯ ಹೆಸರು ಹೇಳುವುದಿಲ್ಲ. ದೂರುಗಳೂ ಇವೆ, ಮೆಚ್ಚುಗೆಯೂ ಇದೆ. ಈ ಕೆಲಸ ಮಾಡುವವರೆಲ್ಲರ ಪ್ಯಾಕೇಜೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಸರಕು ಹೊರಡುವ ಮುಂಚಿನ ತಪಾಸಣೆ, ತಯಾರಿ ನಡೆಯುವಾಗಿನ ಭೇಟಿ, ಲ್ಯಾಬ್ ಪರೀಕ್ಷೆ, ಸಪ್ಲೈಯರ್‌ಗಳ ಹಿಂದಿನ ಸಪ್ಲೈಯರ್‌ಗಳನ್ನು ಹುಡುಕಿ ಕೊಡುವುದು, ಆಮೇಲೆ ಒಂದು ಡ್ಯಾಶ್‌ಬೋರ್ಡ್. ಇದರಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನಷ್ಟೇ ಬರೆಯುತ್ತೇನೆ.

ಎಲ್ಲರೂ ಮೊದಲು ಕೊಳ್ಳುವುದು ಕೊನೆಯ ತಪಾಸಣೆಯನ್ನು. ಸರಕು ಶೇಕಡಾ ನೂರು ತಯಾರಾಗಿ, ಬಹುಪಾಲು ಪ್ಯಾಕ್ ಆದ ಮೇಲೆ ಇನ್‌ಸ್ಪೆಕ್ಟರ್ ಬರುತ್ತಾರೆ. ಐಎಸ್‌ಒ 2859-1 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಕೋಷ್ಟಕ ಹಿಡಿದು ಸ್ಯಾಂಪಲ್ ತೆಗೆಯುತ್ತಾರೆ. ಲಾಟಿನಲ್ಲಿ, ಅಂದರೆ ಒಟ್ಟಿಗೆ ತಪಾಸಣೆಗೆ ಇಟ್ಟ ಸರಕಿನಲ್ಲಿ, 5000 ಆಟಿಕೆ ಇದ್ದರೆ, ಮಾಮೂಲಿ ಲೆವೆಲ್‌ನಲ್ಲಿ 200 ತೆಗೆದು ನೋಡುತ್ತಾರೆ. ದೊಡ್ಡ ದೋಷಕ್ಕೆ ಕೋಷ್ಟಕದಲ್ಲಿ 2.5 ಅನ್ನುವ ಮಿತಿ ಆರಿಸಿದರೆ, 10 ಕೆಟ್ಟದ್ದು ಸಿಕ್ಕರೂ ಪಾಸ್, 11 ಸಿಕ್ಕರೆ ಫೇಲ್.

ಈ ಭಾಗದಲ್ಲಿ ಇವರ ಕೆಲಸ ನಿಜಕ್ಕೂ ಚೆನ್ನಾಗಿದೆ. ಫ್ಯಾಕ್ಟರಿಯವರು ಬಾಗಿಲ ಹತ್ತಿರ ನೀಟಾಗಿ ಜೋಡಿಸಿಟ್ಟ ಕಾರ್ಟನ್‌ಗಳನ್ನು ಇವರ ಇನ್‌ಸ್ಪೆಕ್ಟರ್ ಮುಟ್ಟುವುದಿಲ್ಲ. ಗೋಡೌನ್ ಒಳಗೆ ಹೋಗಿ, ರಾಶಿಯ ತಳದಿಂದ, ಹಿಂದಿನ ಸಾಲಿನಿಂದ ತಾವೇ ಆರಿಸುತ್ತಾರೆ. ಆರಿಸಿದ ಕಾರ್ಟನ್ ನಂಬರುಗಳು ರಿಪೋರ್ಟಿನಲ್ಲಿ ಇರುತ್ತವೆ. ಗಾಡಿಯ ಚಕ್ರ ಎಳೆದು ನೋಡಿದ ಫೋಟೋ, ಬೀಳಿಸಿ ನೋಡಿದ ಮೇಲೆ ಕಳಚಿದ ತುಂಡನ್ನು ಅಳತೆಗೆಂದೇ ಇರುವ ಚಿಕ್ಕ ಲೋಹದ ಸಿಲಿಂಡರಿನೊಳಗೆ ಇಟ್ಟ ಫೋಟೋ, ಎಲ್ಲ ಇರುತ್ತದೆ. ಸಿಲಿಂಡರಿನ ಅಡ್ಡಳತೆ 31.7 ಮಿಲಿಮೀಟರ್. ತುಂಡು ಅದರೊಳಗೆ ಪೂರ್ತಿ ಕೂತರೆ ಮೂರು ವರ್ಷದೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ. ಒಂದು ಸಲ ನಮ್ಮ ಬಾತುಕೋಳಿಯ ಕೊಕ್ಕು ಸಿಲಿಂಡರಿನ ಅಂಚಿನಿಂದ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಫೇಲ್ ಆಗಿರಲಿಲ್ಲ. ಆದರೂ ಇನ್‌ಸ್ಪೆಕ್ಟರ್ ಅದನ್ನು ಪಕ್ಕದಿಂದ ಫೋಟೋ ತೆಗೆದು, ಕೆಳಗೆ 'ಗಮನಿಸಿ' ಅಂತ ಬರೆದಿದ್ದರು. ಬರೀ ಟಿಕ್ ಹಾಕಿ ಮುಂದಕ್ಕೆ ಹೋಗಬಹುದಿತ್ತು, ಹೋಗಲಿಲ್ಲ. ಕೊಕ್ಕನ್ನು ನಾವು ಮುಂದಿನ ಆರ್ಡರಿಗೆ ಉದ್ದ ಮಾಡಿದೆವು.

ಇಷ್ಟೆಲ್ಲ ಹೊಗಳಿದ ಮೇಲೂ ಒಂದು ಮಾತು ಹೇಳಲೇಬೇಕು. ಕೊನೆಯ ತಪಾಸಣೆಯ 'ಪಾಸ್' ಅಂದರೆ ಸರಕು ಸುರಕ್ಷಿತ ಅಂತ ಅರ್ಥವಲ್ಲ. ಲೆಕ್ಕ ಹಾಕಿ ನೋಡಿ. ಲಾಟಿನಲ್ಲಿ ನೂರಕ್ಕೆ ಐದು ಕೆಟ್ಟಿದ್ದರೂ, ಮೇಲಿನ ನಿಯಮದಲ್ಲಿ ಅದು ಪಾಸಾಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಪ್ರಾಣಕ್ಕೆ ಅಪಾಯ ತರುವ ದೋಷಕ್ಕೆ ಮಿತಿ ಸೊನ್ನೆ, ಅಂದರೆ ಒಂದು ಸಿಕ್ಕರೂ ಫೇಲ್. ಆದರೆ ಸಿಗಬೇಕಲ್ಲ? 5000ದಲ್ಲಿ ಅಂಥವು 5 ಇದ್ದರೆ, 200ರ ಸ್ಯಾಂಪಲ್‌ನಲ್ಲಿ ಒಂದೂ ಬರದಿರುವ ಸಾಧ್ಯತೆ ಶೇಕಡಾ 80ಕ್ಕಿಂತ ಹೆಚ್ಚು. ಇದು ಸೇವೆಯವರ ತಪ್ಪಲ್ಲ, ಸ್ಯಾಂಪಲ್ ಅಂದರೇನೇ ಇಷ್ಟು. ಆದರೆ ಅವರ ಮಾರಾಟದವರು ಈ ಮಾತನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಬ್ರೋಷರಿನಲ್ಲಿ 'ಸಂಪೂರ್ಣ ನಿಶ್ಚಿಂತೆ' ಅಂತ ದಪ್ಪ ಅಕ್ಷರದಲ್ಲಿ ಹಾಕಿಕೊಂಡಿದ್ದಾರೆ.

ಇನ್ನೊಂದು, ಬಣ್ಣದೊಳಗಿನ ಸೀಸ ಕಣ್ಣಿಗೆ ಕಾಣುವುದಿಲ್ಲ. ಆಟಿಕೆ ವ್ಯಾಪಾರದಲ್ಲಿರುವ ಯಾರೂ 2007 ಅನ್ನು ಮರೆತಿಲ್ಲ. ಆ ಆಗಸ್ಟ್‌ನಲ್ಲಿ ಮ್ಯಾಟೆಲ್ ಕಂಪನಿ ಸೀಸದ ಬಣ್ಣದ ಕಾರಣಕ್ಕೆ ಲಕ್ಷಗಟ್ಟಲೆ ಆಟಿಕೆ ವಾಪಸ್ ಕರೆಸಿತು. ಅದರಲ್ಲಿ ಒಂದು ಆಟಿಕೆ ಕಾರಿನ ಕಥೆ ನೋಡಿ. ಮ್ಯಾಟೆಲ್ ಕೆಲಸ ಕೊಟ್ಟಿದ್ದು ಒಂದು ಫ್ಯಾಕ್ಟರಿಗೆ. ಆ ಫ್ಯಾಕ್ಟರಿ ಬಣ್ಣ ಹೊಡೆಯುವ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸಿತು. ಆ ಇನ್ನೊಬ್ಬರು ಒಪ್ಪಿಗೆಯ ಪೇಂಟ್ ಬಿಟ್ಟು ಬೇರೆ ಕಡೆಯಿಂದ ತಂದ ಪೇಂಟ್ ಹೊಡೆದರು. ಡಬ್ಬದಲ್ಲಿ ಏನಿದೆ ಅಂತ ಮೇಲಿನವರಿಗೆ ಗೊತ್ತೇ ಇರಲಿಲ್ಲ. ಮರುವರ್ಷ ಅಮೆರಿಕ ಹೊಸ ಕಾನೂನು ತಂದು, ಬಣ್ಣದಲ್ಲಿನ ಸೀಸದ ಮಿತಿಯನ್ನು ಹತ್ತು ಲಕ್ಷಕ್ಕೆ 600 ಪಾಲಿನಿಂದ 90 ಪಾಲಿಗೆ ಇಳಿಸಿತು.

2007ರ ಅದೇ ಆಗಸ್ಟ್‌ನಲ್ಲಿ ಮ್ಯಾಟೆಲ್ ಜಗತ್ತಿನಾದ್ಯಂತ ಸುಮಾರು 1.8 ಕೋಟಿ ಆಟಿಕೆಗಳನ್ನು ವಾಪಸ್ ಕರೆಸಿದ್ದು ಬಣ್ಣಕ್ಕಲ್ಲ, ಅಯಸ್ಕಾಂತಕ್ಕೆ. ಸಣ್ಣ ಬಲವಾದ ಅಯಸ್ಕಾಂತಗಳು ಕಳಚಿ, ಮಗು ಒಂದಕ್ಕಿಂತ ಜಾಸ್ತಿ ನುಂಗಿದರೆ ಅವು ಕರುಳಿನ ಗೋಡೆಯನ್ನು ನಡುವೆ ಹಿಡಿದು ಅಂಟಿಕೊಳ್ಳುತ್ತವೆ, ಕರುಳು ತೂತಾಗುತ್ತದೆ. ಇದರಲ್ಲಿ ತಯಾರಿಸಿದ ಫ್ಯಾಕ್ಟರಿಯ ತಪ್ಪಿಗಿಂತ ಡಿಸೈನಿನ ತಪ್ಪೇ ದೊಡ್ಡದು ಅಂತ ಕಂಪನಿಯೇ ಆಮೇಲೆ ಒಪ್ಪಿಕೊಂಡು ಚೀನಾದ ಕ್ಷಮೆ ಕೇಳಿತು. ನಾವು ಕೊಟ್ಟ ಡ್ರಾಯಿಂಗೇ ಅಪಾಯದ್ದಾಗಿದ್ದರೆ, ಡ್ರಾಯಿಂಗ್ ಪ್ರಕಾರ ಇದೆಯಾ ಅಂತ ನೋಡುವ ಇನ್‌ಸ್ಪೆಕ್ಟರ್ ಪಾಪ ಏನು ಮಾಡಬೇಕು? ಫ್ಯಾಕ್ಟರಿಯನ್ನೇ ಬೈಯುವ ನಮ್ಮ ಆಫೀಸಿನ ಡಿಸೈನ್ ಟೀಮಿಗೆ ಇದನ್ನು ಆಗಾಗ ಜ್ಞಾಪಿಸುತ್ತಿರುತ್ತೇನೆ.

ಅದಕ್ಕೇ ಹೇಳಿದ್ದು, ದುಡ್ಡು ಹಾಕುವುದಾದರೆ ತಯಾರಿ ನಡೆಯುವಾಗಿನ ಭೇಟಿಗೆ ಹಾಕಿ. ಕೊನೆಯ ತಪಾಸಣೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅಷ್ಟೊತ್ತಿಗೆ ಎಲ್ಲ ಬಣ್ಣ ಬಳಿದು, ಪ್ಯಾಕ್ ಮಾಡಿ, ಹಡಗಿನಲ್ಲಿ ಜಾಗ ಬುಕ್ ಆಗಿರುತ್ತದೆ. ಫೇಲ್ ಅಂದರೆ ಎರಡೂ ಕಡೆ ಜಗಳ. ನಡುವೆ ಹೋದರೆ ಇನ್ನೂ ಸರಿಮಾಡಬಹುದು.

ಈ ಭೇಟಿಯಲ್ಲಿ ಇವರ ಒಬ್ಬ ಇನ್‌ಸ್ಪೆಕ್ಟರ್ ಮಾಡಿದ ಕೆಲಸಕ್ಕೇ ನಾನು ಇವತ್ತಿಗೂ ಈ ಸೇವೆಯನ್ನು ಬಿಟ್ಟಿಲ್ಲ. ಮರದ ಗಾಡಿಗಳ ಆರ್ಡರ್. ಅಸೆಂಬ್ಲಿ ಲೈನ್ ಎಲ್ಲ ಸರಿಯಿತ್ತು. ಆತ ಅಲ್ಲಿಗೇ ನಿಲ್ಲಿಸದೆ ಬಣ್ಣ ಕಲಸುವ ಕೋಣೆಗೆ ಹೋಗಿದ್ದಾರೆ. ಕೆಂಪು, ನೀಲಿ, ಹಸಿರು ಡಬ್ಬಗಳ ಲೇಬಲ್ ನಾವು ಒಪ್ಪಿದ ಪಟ್ಟಿಯ ಪ್ರಕಾರವೇ ಇವೆ. ಹಳದಿ ಡಬ್ಬ ಬೇರೆ ಕಂಪನಿಯದು. ಅರ್ಧ ಖಾಲಿ, ಅಂಚಿನಲ್ಲಿ ಒಣಗಿದ ಬಣ್ಣ, ಅಂದರೆ ಆಗಲೇ ಬಳಕೆಯಲ್ಲಿದೆ. ಲೇಬಲ್, ಬ್ಯಾಚ್ ನಂಬರ್, ಡಬ್ಬದ ಪಕ್ಕದಲ್ಲಿದ್ದ ಕಲಸುವ ರಿಜಿಸ್ಟರಿನ ಪುಟ, ಮೂರರ ಫೋಟೋ ಅವತ್ತು ರಾತ್ರಿಯೇ ನನ್ನ ಮೇಲ್‌ಗೆ ಬಂತು. ಫ್ಯಾಕ್ಟರಿ ಮ್ಯಾನೇಜರನ್ನು ಕೇಳಿದರೆ, 'ಮಾಮೂಲಿ ಹಳದಿ ಬರುವುದು ತಡ ಆಯ್ತು, ಇದೂ ಅದೇ ಕ್ವಾಲಿಟಿ' ಅಂದರು. ಹಳದಿ ಗಾಡಿಗಳನ್ನೆಲ್ಲ ಬೇರೆ ಕಡೆ ಇರಿಸಿ, ಬಣ್ಣ ಕೆರೆದು ಲ್ಯಾಬಿಗೆ ಕಳಿಸಿದೆವು. ಸೀಸ ಮಿತಿಯೊಳಗೇ ಇತ್ತು. ಆದರೆ ನನ್ನ ತಲೆಬಿಸಿ ಅದಲ್ಲ. ನಮಗೆ ಹೇಳದೆ ಡಬ್ಬ ಬದಲಾಯಿಸಿದರಲ್ಲ, ಅದು. ಮುಂದಿನ ಡಬ್ಬ ಎಲ್ಲಿಂದ ಬರುತ್ತಿತ್ತೋ? ಅವತ್ತಿಂದ ನಮ್ಮ ಒಪ್ಪಂದದಲ್ಲಿ ಒಂದು ಸಾಲು ಸೇರಿದೆ. ಕಚ್ಚಾ ಮಾಲಿನ ಮೂಲ ಬದಲಾದರೆ ಬಳಸುವ ಮೊದಲೇ ಲಿಖಿತ ಒಪ್ಪಿಗೆ ಬೇಕು, ಇಲ್ಲದಿದ್ದರೆ ಸರಕು ತೆಗೆದುಕೊಳ್ಳುವುದಿಲ್ಲ.

ಎಲ್ಲ ಇನ್‌ಸ್ಪೆಕ್ಟರ್‌ಗಳೂ ಹೀಗಿರುವುದಿಲ್ಲ, ಅದು ನಿಜ. ಬಣ್ಣದ ಕೋಣೆ, ಪ್ಲಾಸ್ಟಿಕ್ ಕಾಳಿನ ಚೀಲಗಳು, ಹೊರಗೆ ಕೊಟ್ಟ ಕೆಲಸದ ಚಲನ್, ಇವನ್ನು ನೋಡಬೇಕು ಅಂತ ನೀವೇ ಚೆಕ್‌ಲಿಸ್ಟಿನಲ್ಲಿ ಬರೆಸಬೇಕು. ಇವರ ಸಿದ್ಧ ಚೆಕ್‌ಲಿಸ್ಟಿನಲ್ಲಿ ಅದಿಲ್ಲ. ಇದು ನನ್ನ ದೊಡ್ಡ ದೂರುಗಳಲ್ಲಿ ಒಂದು. ಇನ್ನೊಂದು, ಒಂದೇ ಫ್ಯಾಕ್ಟರಿಗೆ ಒಬ್ಬರನ್ನೇ ಪದೇಪದೇ ಕಳಿಸುತ್ತಿದ್ದರು. ಹತ್ತಿರ ಮನೆ, ಓಡಾಟದ ಖರ್ಚು ಕಡಿಮೆ ಅನ್ನುವ ಕಾರಣ. ಇನ್‌ಸ್ಪೆಕ್ಟರ್ ಎಷ್ಟೇ ಒಳ್ಳೆಯವರಾದರೂ ಸಲುಗೆ ಬೆಳೆದರೆ ಕಣ್ಣು ಮಂಜಾಗುತ್ತದೆ. ಕೇಳಿದ ಮೇಲೆ ಬದಲಾಯಿಸಿ ಕಳಿಸುತ್ತಿದ್ದಾರೆ. ಫ್ಯಾಕ್ಟರಿಯ ಕಾರು ಹತ್ತಬಾರದು, ಉಡುಗೊರೆ ಮುಟ್ಟಬಾರದು ಅನ್ನುವ ನಿಯಮ ಮಾತ್ರ ಮೊದಲಿಂದಲೂ ಇದೆ, ಪಾಲಿಸುತ್ತಾರೆ ಕೂಡ.

ಲ್ಯಾಬ್ ವಿಷಯಕ್ಕೆ ಬರೋಣ. ಯಂತ್ರಗಳು ಒಳ್ಳೆಯವು, ರಿಪೋರ್ಟ್ ಹೇಳಿದ ದಿನಕ್ಕೆ ಬರುತ್ತದೆ. ಆದರೆ ಅಗ್ಗದ ಪ್ಯಾಕೇಜಿನಲ್ಲಿ ಒಂದು ಸೂಕ್ಷ್ಮ ಇದೆ. ಮೂರು ಬಣ್ಣಗಳನ್ನು ಕೆರೆದು ಒಟ್ಟಿಗೆ ಬೆರೆಸಿ ಒಂದೇ ಪರೀಕ್ಷೆ ಮಾಡುತ್ತಾರೆ. ಸಮ ಸಮ ಬೆರೆಸಿದ್ದಕ್ಕೆ ಹತ್ತು ಲಕ್ಷಕ್ಕೆ 40 ಪಾಲು ಸೀಸ ಬಂತು ಅಂದುಕೊಳ್ಳಿ. 90ರ ಮಿತಿಗಿಂತ ಎಷ್ಟೋ ಕಡಿಮೆ, ಅಲ್ವಾ? ಆದರೆ ಎರಡು ಬಣ್ಣದಲ್ಲಿ ಸೀಸವೇ ಇಲ್ಲದೆ, ಮೂರನೆಯದರಲ್ಲೇ 120 ಇದ್ದರೂ ಬೆರೆಸಿದಾಗ ಬರುವುದು 40ರೇ. ಹಾಗಾಗಿ ಮೂರು ಬೆರೆಸಿದರೆ 30 ದಾಟಿದ ಕೂಡಲೇ ಬಿಡಿಬಿಡಿಯಾಗಿ ಮತ್ತೆ ಪರೀಕ್ಷೆ ಮಾಡಬೇಕು. ಇವರ ಲ್ಯಾಬ್ ಅದನ್ನು ಮಾಡುತ್ತದೆ, ಸರಿ. ಆದರೆ ಯಾವ ಬಣ್ಣದ ಜೊತೆ ಯಾವುದನ್ನು ಬೆರೆಸಿದರು ಅನ್ನುವುದನ್ನು ರಿಪೋರ್ಟಿನ ಕೊನೇ ಪುಟದ ಸಣ್ಣ ಅಕ್ಷರದಲ್ಲಿ ಹುಡುಕಬೇಕು. ನಾವು ಈಗ ಹಳದಿ, ಕೆಂಪು, ಕಿತ್ತಳೆಗೆ ಬಿಡಿ ಪರೀಕ್ಷೆಯೇ ಹೇಳುತ್ತೇವೆ. ಸೀಸದ ಹಳೆಯ ಪಿಗ್ಮೆಂಟುಗಳಲ್ಲಿ, ಅಂದರೆ ಬಣ್ಣ ಕೊಡುವ ಪುಡಿಗಳಲ್ಲಿ, ಹಲವು ಈ ಬಣ್ಣಗಳವೇ.

ಒಂದು ಮಾರುಕಟ್ಟೆಯ ರಿಪೋರ್ಟ್ ಇನ್ನೊಂದಕ್ಕೆ ನಡೆಯುವುದಿಲ್ಲ ಅನ್ನುವುದನ್ನೂ ಇವರು ತಾವಾಗಿ ಹೇಳುವುದಿಲ್ಲ. ಅಮೆರಿಕದ 90ರ ಮಿತಿ ಬಣ್ಣದಲ್ಲಿರುವ ಒಟ್ಟು ಸೀಸದ್ದು. ಯುರೋಪಿನ ಇಎನ್ 71-3 ಅನ್ನುವ ಆಟಿಕೆ ಮಾನದಂಡ ಬೇರೆ ಪ್ರಶ್ನೆ ಕೇಳುತ್ತದೆ. ಮಗು ನುಂಗಿದರೆ ಬಣ್ಣದಿಂದ ಎಷ್ಟು ಸೀಸ ಹೊರಬರುತ್ತದೆ? ಅದಕ್ಕೇ ಹೊಟ್ಟೆಯ ಆಮ್ಲದಂಥ ತೆಳು ದ್ರಾವಣದಲ್ಲಿ, 37 ಡಿಗ್ರಿ ಶಾಖದಲ್ಲಿ ಇಟ್ಟು ಅಳೆಯುತ್ತಾರೆ. ಯಾವ ದೇಶಕ್ಕೆ ಸರಕು ಹೋಗುತ್ತದೆ ಅಂತ ಬುಕ್ ಮಾಡುವಾಗಲೇ ಹೇಳದಿದ್ದರೆ ಎರಡು ಸಲ ದುಡ್ಡು ಕಟ್ಟುತ್ತೀರಿ.

ಲ್ಯಾಬ್ ನೀವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮೈನ್ ಅನ್ನುವ ಕೈಗಾರಿಕಾ ರಾಸಾಯನಿಕ ಬೆರೆಸಿದ್ದು ಇದನ್ನು ಬಲ್ಲವರೇ. ಪ್ರೋಟೀನ್ ಪರೀಕ್ಷೆ ನಿಜವಾಗಿ ಅಳೆಯುತ್ತಿದ್ದದ್ದು ಸಾರಜನಕವನ್ನು. ಮೆಲಮೈನಿನಲ್ಲಿ ಸಾರಜನಕ ಧಾರಾಳ. ನೀರು ಬೆರೆಸಿದ ಹಾಲೂ ಪರೀಕ್ಷೆಯಲ್ಲಿ ಪಾಸಾಯಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ನಮ್ಮ ಆಟಿಕೆಗೂ ಅದೇ ಪಾಠ: ಹಿಂದಿನ ರಿಪೋರ್ಟಿನಲ್ಲಿದ್ದ ಪರೀಕ್ಷೆಗಳನ್ನೇ ಕಣ್ಣು ಮುಚ್ಚಿ ಮತ್ತೆ ಬರೆಯಬೇಡಿ. ಪ್ಲಾಸ್ಟಿಕ್ ಮೆದುವಾಗಿದ್ದರೆ ಥ್ಯಾಲೇಟ್ (ಪ್ಲಾಸ್ಟಿಕ್ ಮೆದು ಮಾಡುವ ರಾಸಾಯನಿಕ) ಪರೀಕ್ಷೆ ಕೇಳಿ, ಗುಂಡಿ ಬ್ಯಾಟರಿ ಇದ್ದರೆ ಅದರ ಮುಚ್ಚಳ ಸ್ಕ್ರೂ ಇಲ್ಲದೆ ತೆರೆಯುತ್ತದಾ ಅಂತ ಕೇಳಿ.

ನಾಲ್ಕನೆಯದು ಸಪ್ಲೈ ಚೈನಿನ ನಕ್ಷೆ, ಅಂದರೆ ನಮ್ಮ ಸಪ್ಲೈಯರ್‌ಗಳ ಹಿಂದೆ ಯಾರಿದ್ದಾರೆ ಅನ್ನುವುದು. ಇದನ್ನು ಹಿಡಿಸಿದ್ದು ನನ್ನ ಬಾಸ್, ನನಗೆ ಮೊದಲು ಅಷ್ಟೇನೂ ಆಸಕ್ತಿ ಇರಲಿಲ್ಲ. ಕೆಲಸ ನಡೆಯುವ ರೀತಿ ಸಾಧಾರಣ. ದೊಡ್ಡ ಸಾಫ್ಟ್‌ವೇರ್ ಅಂತ ಹೇಳಿದರೂ, ಒಳಗೆ ಎಕ್ಸೆಲ್ ಶೀಟು, ಮೇಲ್, ಫೋನು. ಫ್ಯಾಕ್ಟರಿಯವರು ತಮ್ಮ ಸಪ್ಲೈಯರ್ ಹೆಸರು ಹೇಳಲು ಹಿಂಜರಿಯುತ್ತಾರೆ. ಹೇಳಿದರೆ ನಾವು ನೇರ ಅಲ್ಲಿಗೇ ಹೋಗಿಬಿಡುತ್ತೇವೇನೋ ಅನ್ನುವ ಭಯ. ಸೇವೆಯವರು ಇದಕ್ಕೆ ಒಂದು ಒಳ್ಳೆಯ ದಾರಿ ಕಂಡುಕೊಂಡಿದ್ದಾರೆ. ಹೆಸರು ಅವರ ಹತ್ತಿರ ಗುಟ್ಟಾಗಿರುತ್ತದೆ, ನಮಗೆ ಕಾಣುವುದು ಊರು ಮತ್ತು ವಸ್ತು ಮಾತ್ರ. ಒಂದೇ ಸಪ್ಲೈಯರ್ ಎರಡು ಕಡೆ ಬಂದರೆ ನಕ್ಷೆಯಲ್ಲಿ ಗುರುತು ಹಾಕುತ್ತಾರೆ.

ಆ ಗುರುತು ನಮಗೆ ಕೆಲಸಕ್ಕೆ ಬಂತು. ಹಾಡುವ ಪ್ರಾಣಿಗಳಿಗೆ ನಾವು ಎರಡು ಫ್ಯಾಕ್ಟರಿ ಇಟ್ಟುಕೊಂಡಿದ್ದೆವು, ಒಂದು ನಿಂತರೆ ಇನ್ನೊಂದು ಇರಲಿ ಅಂತ. ನಕ್ಷೆ ಬಂದಾಗ ನೋಡಿದರೆ, ಎರಡೂ ಫ್ಯಾಕ್ಟರಿಗಳು ಹಾಡಿನ ಚಿಪ್ ತರಿಸುತ್ತಿದ್ದದ್ದು ಒಬ್ಬರಿಂದಲೇ. ಮೇಲೆ ಎರಡು, ಕೆಳಗೆ ಒಂದು! ಆ ಒಬ್ಬರು ಬಾಗಿಲು ಹಾಕಿದರೆ ಎರಡು ಫ್ಯಾಕ್ಟರಿಯೂ ಒಟ್ಟಿಗೆ ಮೂಕ.

ದೊಡ್ಡವರೂ ಇದರಲ್ಲಿ ಪೆಟ್ಟು ತಿಂದಿದ್ದಾರೆ. 1997ರ ಫೆಬ್ರವರಿಯಲ್ಲಿ ಜಪಾನಿನ ಐಸಿನ್ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಬ್ರೇಕಿಗೆ ಬೇಕಾದ ಸಣ್ಣ ವಾಲ್ವ್ ಅಲ್ಲಿ ತಯಾರಾಗುತ್ತಿತ್ತು, ಟೊಯೋಟಾ ತನ್ನ ಬಹುತೇಕ ಎಲ್ಲ ವಾಲ್ವನ್ನೂ ಅಲ್ಲಿಂದಲೇ ತರಿಸುತ್ತಿತ್ತು. ಜಪಾನಿನ ಅದರ ಕಾರ್ಖಾನೆಗಳು ನಿಂತುಹೋದವು. ಬೇರೆ ಸಪ್ಲೈಯರ್‌ಗಳು ಕೈಗೂಡಿಸಿ ಕೆಲವೇ ದಿನಗಳಲ್ಲಿ ವಾಲ್ವ್ ಮಾಡಿಕೊಟ್ಟಿದ್ದು ಆ ನಂಟಿನ ಗಟ್ಟಿತನ, ಎಲ್ಲರಿಗೂ ಅಂಥ ನೆಂಟರು ಇರುವುದಿಲ್ಲ. 2000ದ ಮಾರ್ಚ್‌ನಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ಸಿಡಿಲಿನ ಕಾರಣ ಫಿಲಿಪ್ಸ್ ಚಿಪ್ ಫ್ಯಾಕ್ಟರಿಯಲ್ಲಿ ಹತ್ತು ನಿಮಿಷದ ಬೆಂಕಿ. ಆ ಚಿಪ್ ಕೊಳ್ಳುತ್ತಿದ್ದ ಎರಡು ಮೊಬೈಲ್ ಕಂಪನಿಗಳಲ್ಲಿ ನೋಕಿಯಾ ತಕ್ಷಣ ಬೆನ್ನು ಹತ್ತಿ ಬೇರೆ ಕಡೆ ಚಿಪ್ ಹಿಡಿಯಿತು. ಎರಿಕ್ಸನ್ ಕಾದು ಕೂತು ಸುಮಾರು 40 ಕೋಟಿ ಡಾಲರ್ ಕಳೆದುಕೊಂಡಿತು. ಬಣ್ಣದ ತಲೆನೋವಿರುವ ನನ್ನಂಥವರಿಗೆ ಹತ್ತಿರದ ಉದಾಹರಣೆ 2011ರದ್ದು. ಜಪಾನಿನ ಭೂಕಂಪದಲ್ಲಿ ಮರ್ಕ್ ಕಂಪನಿಯ ಒಂದು ಪಿಗ್ಮೆಂಟ್ ಫ್ಯಾಕ್ಟರಿ ನಿಂತಿತು. ಕಾರಿನ ಬಣ್ಣಕ್ಕೆ ಮಿನುಗು ಕೊಡುವ ಜಿರಾಲಿಕ್ ಅನ್ನುವ ಪಿಗ್ಮೆಂಟ್ ಆಗ ತಯಾರಾಗುತ್ತಿದ್ದದ್ದು ಅಲ್ಲೊಂದೇ ಕಡೆ. ಫೋರ್ಡ್ ಕೆಲವು ಕಪ್ಪು, ಕೆಂಪು ಬಣ್ಣದ ಆರ್ಡರನ್ನೇ ನಿಲ್ಲಿಸಬೇಕಾಯಿತು.

ಎರಡು ಕಡೆಯಿಂದ ಕೊಂಡರೆ ಸುರಕ್ಷತೆ ತಾನಾಗಿ ಬರುತ್ತದೆ ಅಂತಲೂ ಅಲ್ಲ. 2016ರ ಸ್ಯಾಮ್‌ಸಂಗ್ ನೋಟ್ 7 ಫೋನ್ ನೆನಪಿದೆಯಲ್ಲ? ಬ್ಯಾಟರಿ ಇಬ್ಬರು ಸಪ್ಲೈಯರ್‌ಗಳದ್ದು. ಒಬ್ಬರ ಬ್ಯಾಟರಿಯ ಮೂಲೆ ಒತ್ತಿಕೊಂಡು ಬೆಂಕಿ. ಬದಲಿಗೆ ಕೊಟ್ಟ ಇನ್ನೊಬ್ಬರ ಬ್ಯಾಟರಿಯಲ್ಲಿ ವೆಲ್ಡಿಂಗಿನ ಚೂಪು ತುದಿಯಿಂದ ಬೆಂಕಿ. ಬದಲಿ ಸಪ್ಲೈಯರನ್ನು ಹೊಸಬರಂತೆಯೇ ಮೊದಲಿಂದ ಪರೀಕ್ಷಿಸಬೇಕು. ನಾವೂ ಎರಡನೇ ಚಿಪ್‌ನವರನ್ನು ಹುಡುಕಿದೆವು, ಅವರ ಚಿಪ್ ಹಾಕಿದ ಆಟಿಕೆಗೆ ಪೂರ್ತಿ ಲ್ಯಾಬ್ ಪರೀಕ್ಷೆ ಮತ್ತೆ ಮಾಡಿಸಿದೆವು. ಫ್ಯಾಕ್ಟರಿಯವರು 'ಸುಮ್ನೆ ಖರ್ಚು' ಅಂತ ಗೊಣಗಿದರು, ಗೊಣಗಲಿ.

ಈ ನಕ್ಷೆಯ ಕೊರತೆ ಅಂದರೆ, ಎರಡನೇ ಹಂತದವರೆಗೆ, ಅಂದರೆ ಫ್ಯಾಕ್ಟರಿಗೆ ಸರಕು ಕೊಡುವವರವರೆಗೆ, ಚೆನ್ನಾಗಿ ತುಂಬಿರುತ್ತದೆ, ಮೂರನೇ ಹಂತದಲ್ಲಿ ಖಾಲಿ ಡಬ್ಬಿಗಳೇ ಜಾಸ್ತಿ. ಪಿಗ್ಮೆಂಟ್ ಎಲ್ಲಿಂದ, ಪ್ಲಾಸ್ಟಿಕ್ ಕಾಳು ಎಲ್ಲಿಂದ ಅನ್ನುವುದು ಅರ್ಧಂಬರ್ಧ. ಹಳೆಯದಾದ ನಕ್ಷೆಯನ್ನು ತಾವಾಗಿ ಹೊಸದು ಮಾಡುವುದೂ ಇಲ್ಲ, ಬೆನ್ನು ಬೀಳಬೇಕು.

ಡ್ಯಾಶ್‌ಬೋರ್ಡ್ ಬಗ್ಗೆ ಎರಡೇ ಮಾತು. ಬೇಡ. ಪ್ರಪಂಚದ ನಕ್ಷೆ, ಮೇಲೆ ಕೆಂಪು ಚುಕ್ಕೆಗಳು, ದಿನಕ್ಕೆ ಕಂತೆಗಟ್ಟಲೆ ಅಲರ್ಟ್. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ನಿಂತಿದ್ದನ್ನು ಇಡೀ ಜಗತ್ತು ಟಿವಿಯಲ್ಲೇ ನೋಡಿತು. ಅಂಥ ಹೊತ್ತಿನಲ್ಲಿ ಬೇಕಾಗುವುದು, ಹಿಂದೆ ಸಿಕ್ಕಿಕೊಂಡ ಹಡಗುಗಳಲ್ಲಿ ನಮ್ಮ ಯಾವ ಕಂಟೇನರ್ ಇದೆ, ಅದರಲ್ಲಿ ಯಾವ ಆರ್ಡರ್ ಇದೆ ಅನ್ನುವ ಮಾಹಿತಿ. ಅದನ್ನು ನಮಗೆ ಶಿಪ್ಪಿಂಗ್ ಏಜೆಂಟ್ ಒಂದು ಫೋನಿನಲ್ಲಿ ಹೇಳುತ್ತಾರೆ.

ಫ್ಯಾಕ್ಟರಿಯ ಬೆಂಕಿ ಸುರಕ್ಷತೆ, ಕೆಲಸಗಾರರ ಸ್ಥಿತಿಯ ಆಡಿಟ್ ಕೂಡ ಮಾಡುತ್ತಾರೆ. ತಾರೀಖು ಮೊದಲೇ ಹೇಳಿ ಹೋಗುವ ಆಡಿಟ್ ಕೊಳ್ಳಬೇಡಿ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಬಟ್ಟೆ ಫ್ಯಾಕ್ಟರಿಯಲ್ಲಿ 250ಕ್ಕೂ ಹೆಚ್ಚು ಜನ ಬೆಂಕಿಗೆ ಸತ್ತರು. ಕೆಲವೇ ವಾರಗಳ ಹಿಂದೆ ಅದಕ್ಕೆ ಎಸ್‌ಎ 8000 ಅನ್ನುವ, ಕೆಲಸಗಾರರ ಸ್ಥಿತಿ ಸರಿಯಿದೆ ಅಂತ ಹೇಳುವ ಸರ್ಟಿಫಿಕೇಟ್ ಸಿಕ್ಕಿತ್ತು. ಇವರಲ್ಲಿ 'ಈ ನಾಲ್ಕು ವಾರದೊಳಗೆ ಯಾವತ್ತಾದರೂ' ಅನ್ನುವ ಬಗೆಯ ಆಡಿಟ್ ಇದೆ. ಅದನ್ನೇ ತೆಗೆದುಕೊಂಡೆವು. ಹಿಂದಿನ ಬಾಗಿಲಿನ ಚಿಲಕ, ಮೆಟ್ಟಿಲ ಮೇಲೆ ಪೇರಿಸಿದ ಕಾರ್ಟನ್, ಎಲ್ಲದರ ಫೋಟೋ ಬಂತು. ಮೆಟ್ಟಿಲು ಖಾಲಿ ಮಾಡಿಸಿ, ಮರುಭೇಟಿಯ ಫೋಟೋ ಬಂದ ಮೇಲೆಯೇ ಮುಂದಿನ ಆರ್ಡರ್ ಕೊಟ್ಟಿದ್ದು.

ಅಂಕ ಕೊಡುವುದಾದರೆ, ನಡುವಿನ ಭೇಟಿಗೆ ಐದಕ್ಕೆ ನಾಲ್ಕೂವರೆ. ಕೊನೆಯ ತಪಾಸಣೆ ಮೂರೂವರೆ. ಲ್ಯಾಬ್ ನಾಲ್ಕು, ಆದರೆ ವಿವರಿಸಿ ಹೇಳುವುದರಲ್ಲಿ ಎರಡು. ನಕ್ಷೆಗೆ ಮೂರು. ಡ್ಯಾಶ್‌ಬೋರ್ಡನ್ನು ಈ ಸಲ ನವೀಕರಿಸಿಲ್ಲ, ಆ ದುಡ್ಡನ್ನು ಬಣ್ಣದ ಬಿಡಿ ಪರೀಕ್ಷೆಗೆ ಹಾಕಿದ್ದೇವೆ.

ಇಂಥ ಸೇವೆ ಹುಡುಕುತ್ತಿದ್ದರೆ, ದರಪಟ್ಟಿ ಕೇಳುವ ಮೊದಲು ಅವರು ಫೇಲ್ ಮಾಡಿದ ಒಂದು ಹಳೇ ರಿಪೋರ್ಟ್ ಕೇಳಿ, ಹೆಸರು ಅಳಿಸಿ ಕೊಡಲಿ. ಫೋಟೋಗಳು ಎಲ್ಲಿ ತೆಗೆದವು ಅಂತ ನೋಡಿ. ಬರೀ ಸ್ಯಾಂಪಲ್ ಮೇಜಿನ ಮೇಲಿನವೇ ಇದ್ದರೆ ಬೇರೆಯವರನ್ನು ನೋಡಿಕೊಳ್ಳಿ. ಫೇಲ್ ಆದರೆ ಮರು ತಪಾಸಣೆಯ ಖರ್ಚು ಫ್ಯಾಕ್ಟರಿಯದ್ದು ಅಂತ ಆರ್ಡರಿನಲ್ಲೇ ಬರೆಸಿ, ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಪ್ರತಿ ಬ್ಯಾಚಿನಿಂದ ಒಂದೆರಡು ಆಟಿಕೆಗೆ ಸೀಲ್ ಹಾಕಿ ನಿಮಗೂ ಕಳಿಸಲಿ, ಫ್ಯಾಕ್ಟರಿಯಲ್ಲೂ ಇರಲಿ. ಮುಂದೆ ದೂರು ಬಂದಾಗ 'ನಮ್ಮ ಸರಕೇ ಅಲ್ಲ' ಅನ್ನುವ ವಾದ ಅಲ್ಲಿಗೇ ನಿಲ್ಲುತ್ತದೆ.